ಗ್ರೆಗ್ ಫಾಹಿ ಅವರನ್ನು ‘ಕ್ರಯಾನಿಕ್ಸ್ ಸಂಶೋಧಕ’ ಅಂತ ಬರೆಯೋದು ಸರಿಯಾ?

ಕೆಂಪುಮಣ್ಣು
ಕನ್ನಡದ ಒಂದು ವಿಶ್ವಕೋಶ ಪುಟಕ್ಕೆ ಗ್ರೆಗರಿ ಎಂ. ಫಾಹಿ ಅವರ ಬಗ್ಗೆ ಬರಹ ತಯಾರಾಗ್ತಿದೆ. ಕ್ರಯಾನಿಕ್ಸ್ ಅಂದರೆ ಮತ್ತೆ ಬದುಕಿಸೋ ಆಸೆಯಿಂದ ಸತ್ತವರ ದೇಹವನ್ನ ಅತಿ ಚಳಿಯಲ್ಲಿ ಕಾದಿಡೋದು. ಕರಡು ಇದು:

“ಅಮೆರಿಕದ ಕ್ರಯಾನಿಕ್ಸ್ ಸಂಶೋಧಕ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಶಾಖೆಯಲ್ಲಿ ಜೀವಶಾಸ್ತ್ರ ಓದಿ, 1977ರಲ್ಲಿ ಜಾರ್ಜಿಯಾದ ಮೆಡಿಕಲ್ ಕಾಲೇಜಿನಿಂದ ಪಿಎಚ್‌ಡಿ ಪಡೆದರು. 1980ರ ದಶಕದಲ್ಲಿ ಅಮೆರಿಕನ್ ರೆಡ್ ಕ್ರಾಸ್ ಪ್ರಯೋಗಾಲಯದಲ್ಲಿದ್ದಾಗ ವಿಟ್ರಿಫಿಕೇಷನ್ ಕಂಡುಹಿಡಿದರು. ಮುಂದೆ ಟ್ವೆಂಟಿಫಸ್ಟ್ ಸೆಂಚುರಿ ಮೆಡಿಸಿನ್ ಸಂಸ್ಥೆ ಸೇರಿ ಮೊಲದ ಮೂತ್ರಪಿಂಡವನ್ನು ಹೆಪ್ಪುಗಟ್ಟಿಸಿ ಮರುಜೀವ ಕೊಟ್ಟರು.”

ಮೊದಲ ಸಾಲಿನ ‘ಕ್ರಯಾನಿಕ್ಸ್ ಸಂಶೋಧಕ’ ಅನ್ನೋದು ಸರಿಯಾ? ‘ಕಂಡುಹಿಡಿದರು’ ಅನ್ನಬಹುದಾ? ಮೊಲದ ಪ್ರಯೋಗವನ್ನ ತಪ್ಪಿಲ್ಲದೆ ಎರಡು ಸಾಲಿನಲ್ಲಿ ಹೇಳೋದು ಹೇಗೆ? ಗೊತ್ತಿದ್ದವರು ದಯವಿಟ್ಟು ತಿದ್ದಿ.

ಒರೆಗಲ್ಲು
ದೊಡ್ಡ ತಪ್ಪು ಕೊನೇ ಸಾಲಿನಲ್ಲಿದೆ. ‘ಹೆಪ್ಪುಗಟ್ಟಿಸಿ’ ತೆಗೀರಿ. ಹೆಪ್ಪುಗಟ್ಟಬಾರದು ಅನ್ನೋದಕ್ಕೇ ಆ ಮನುಷ್ಯ ನಲವತ್ತು ವರ್ಷ ದುಡಿದಿದ್ದು. ನೀರು ಹರಳಾಗದೆ ಗಾಜಿನ ಹಾಗೆ ಗಟ್ಟಿಯಾಗೋದು ವಿಟ್ರಿಫಿಕೇಷನ್. ‘ಗಾಜುಗಟ್ಟಿಸಿ’ ಅಂತ ಬರೀರಿ, ಮೊದಲ ಸಲ ಬಂದಾಗ ಅರ್ಥ ಬಿಡಿಸಿ ಹೇಳಿ.

‘ಕಂಡುಹಿಡಿದರು’ ಕೂಡ ತಪ್ಪು. ಬೇಸಿಲ್ ಲುಯೆ 1930ರ ದಶಕದ ಕೊನೆಗೇ ಇದರ ಹಿಂದೆ ಬಿದ್ದಿದ್ದರು. ಆದರೆ ತೆಳುವಾದ ಪದರವನ್ನ ಸರ್ರಂತ ತಣಿಸೋದೊಂದೇ ಅವರಿಗಿದ್ದ ದಾರಿ. ಇಡೀ ಅಂಗವನ್ನ ಹಾಗೆ ತಣಿಸೋಕೆ ಬರಲ್ಲ. ನಿಧಾನಕ್ಕೆ ತಣಿಸಿದರೂ ಹರಳು ಬರದಷ್ಟು ರಕ್ಷಕ ದ್ರಾವಣ ತುಂಬಿದರೆ ಅಂಗವನ್ನೂ ಗಾಜುಗಟ್ಟಿಸಬಹುದು ಅಂತ ದಾರಿ ಹಾಕಿಕೊಟ್ಟಿದ್ದು ಫಾಹಿ ಮತ್ತು ಜೊತೆಗಾರರ 1984ರ ಪ್ರಬಂಧ. ಮರುವರ್ಷ ವಿಲಿಯಂ ರಾಲ್ ಜೊತೆ ಇಲಿಯ ಭ್ರೂಣಗಳನ್ನ −196 ಡಿಗ್ರಿಗೆ ಇಳಿಸಿ ಜೀವಂತ ವಾಪಸ್ ತಂದರು. ಅದು ‘ನೇಚರ್’ನಲ್ಲಿ ಬಂತು.

ನೀಲಿಕೊಡೆ
ಗಾಜು ಅಂದರೆ ಕಿಟಕಿ ಗಾಜಾ? ಕೋಶದೊಳಗೆ ಗಾಜು ಚುಚ್ಚಲ್ವಾ?

ಎರಡೆಳೆಪಾಕ
ಚುಚ್ಚೋದು ಹರಳು. ಗಾಜು ಅಂದರೆ ಇಲ್ಲಿ ಹರಿಯೋದನ್ನ ನಿಲ್ಲಿಸಿದ ದ್ರವ, ಅಷ್ಟೇ. ಅಡುಗೆಮನೇಲಿ ನೋಡಿ. ಸಕ್ಕರೆ ಪಾಕ ಇಟ್ಟಾಗ ಅಂಚಿನಲ್ಲಿ ಒಂದು ಕಾಳು ಉಳಿದಿದ್ದರೂ ಸಾಕು, ಆರುತ್ತಿದ್ದ ಹಾಗೆ ಇಡೀ ಪಾತ್ರೆ ಸಕ್ಕರೆ ಕಟ್ಟುತ್ತೆ. ಅದೇ ಪಾಕಕ್ಕೆ ನಾಲ್ಕು ಹನಿ ನಿಂಬೆರಸ ಹಿಂಡಿದರೆ ಕಟ್ಟಲ್ಲ, ತಿಳಿಯಾಗೇ ಉಳಿಯುತ್ತೆ. ಹುಳಿ ಬಿದ್ದಾಗ ಸಕ್ಕರೆ ಒಂದಿಷ್ಟು ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತೆ. ಮೂರು ಜಾತಿ ಅಣು ಬೆರೆತಾಗ ಒಂದೇ ಜಾತಿಯವು ಸಾಲಾಗಿ ನಿಲ್ಲೋಕೆ ಜಾಗ ಸಿಗಲ್ಲ.

ಫಾಹಿ ತಂಡ ಅಂಗಗಳನ್ನ ಗಾಜುಗಟ್ಟಿಸೋಕೆ ಮಾಡಿದ ಎಂ22 ದ್ರಾವಣ ಕೂಡ ಅಂಥದೇ ಬೆರಕೆ. ಒಂದು ಲೀಟರಿನಲ್ಲಿ ಇರೋದು: ಡಿಎಂಎಸ್‌ಒ 223 ಗ್ರಾಂ, ಎಥಿಲೀನ್ ಗ್ಲೈಕಾಲ್ 168, ಫಾರ್ಮಮೈಡ್ 129, ಮೀಥಾಕ್ಸಿ ಪ್ರೊಪೇನ್‌ಡೈಆಲ್ 40, ಎನ್-ಮೀಥೈಲ್ ಫಾರ್ಮಮೈಡ್ 30, ಪಿವಿಪಿ 28, ಮಂಜುಗಡ್ಡೆ ತಡೆಯೋ ಪಾಲಿಮರ್‌ಗಳಾದ ಜೆಡ್-1000 20 ಗ್ರಾಂ, ಎಕ್ಸ್-1000 10 ಗ್ರಾಂ. ಕೂಡಿಸಿದರೆ 650 ಗ್ರಾಂ ಹತ್ತಿರ. ಪಾಲಿಮರ್ ಎರಡೂ ಸೇರಿ 30 ಗ್ರಾಂ ಮಾತ್ರ, ಆದರೆ ನಿಂಬೆರಸದಂತೆ ಅವು ಪ್ರಮಾಣಕ್ಕೆ ಮೀರಿ ಕೆಲಸ ಮಾಡ್ತವೆ. ಎಕ್ಸ್-1000 ಮೂಲತಃ ಪಾಲಿವಿನೈಲ್ ಆಲ್ಕೋಹಾಲ್, ಅಂಟಿನಲ್ಲಿ ಹಾಕೋ ಪದಾರ್ಥದ ಚಿಕ್ಕ ತುಂಡು. ಹರಳಿನ ಮೈಗೆ ಅಂಟಿಕೊಂಡು ಅದು ಬೆಳೆಯದ ಹಾಗೆ ಮಾಡುತ್ತೆ. ಜೆಡ್-1000 ಹರಳು ಹುಟ್ಟೋಕೆ ಆಸರೆಯಾಗೋ ಕಣಗಳನ್ನೇ ಮುಚ್ಚುತ್ತೆ. ಈ ಪಾಲಿಮರ್‌ಗಳ ಕೆಲಸದಲ್ಲಿ ಮುಂದೆ ನಿಂತವರು ಬ್ರಯನ್ ವೋಕ್, ಭೌತಶಾಸ್ತ್ರಜ್ಞರು. ಬರಹದಲ್ಲಿ ಅವರ ಹೆಸರೂ ಬರಲಿ.

ನೀಲಿಕೊಡೆ
ಅರ್ಥ ಆಯ್ತು. ಆದರೆ ಲೀಟರಿಗೆ 650 ಗ್ರಾಂ ರಾಸಾಯನಿಕ ಅಂದರೆ ವಿಷವೇ ಅಲ್ವಾ?

ಎರಡೆಳೆಪಾಕ
ಹೌದು, ವಿಷವೇ. ಫಾಹಿ ಅವರ ಅಸಲಿ ಕೆಲಸ ಇರೋದೇ ಅಲ್ಲಿ. ಗಾಜು ಕಟ್ಟಿಸೋದು ಯಾರಿಗಾದರೂ ಬರುತ್ತೆ, ಕೋಶ ಸಾಯದ ಹಾಗೆ ಕಟ್ಟಿಸೋದು ಕಷ್ಟ. 2004ರಲ್ಲಿ ಅವರ ತಂಡ ಒಂದು ವಿಚಿತ್ರ ಸಂಗತಿ ತೋರಿಸಿತು. ನೀರನ್ನ ಗಟ್ಟಿಯಾಗಿ ಹಿಡಿಯೋ ರಕ್ಷಕ ಕಡಿಮೆ ಸಾಕಾಗುತ್ತೆ, ಹಾಗಾಗಿ ಅದೇ ಒಳ್ಳೇದು ಅಂತ ಎಲ್ಲರೂ ಅಂದುಕೊಂಡಿದ್ದರು. ಲೆಕ್ಕ ಹಾಕಿದರೆ ಉಲ್ಟಾ. ದುರ್ಬಲವಾಗಿ ಹಿಡಿಯೋದನ್ನ ಜಾಸ್ತಿ ಹಾಕಿದಾಗಲೇ ವಿಷ ಕಡಿಮೆ, ಯಾಕಂದರೆ ಕೋಶದ ಪ್ರೊಟೀನುಗಳ ಸುತ್ತ ನೀರಿನ ಹೊದಿಕೆ ಉಳಿಯುತ್ತೆ. ಪ್ರೊಪಿಲೀನ್ ಗ್ಲೈಕಾಲ್ ಬಿಟ್ಟು ಎಥಿಲೀನ್ ಗ್ಲೈಕಾಲ್‌ಗೆ ಬಂದದ್ದು ಇದೇ ಲೆಕ್ಕದ ಮೇಲೆ. ಫಾರ್ಮಮೈಡ್ ಒಂದನ್ನೇ ಹಾಕಿದರೆ ತುಂಬಾ ಕೆಟ್ಟದ್ದು, ಡಿಎಂಎಸ್‌ಒ ಜೊತೆಗಿದ್ದರೆ ಅದರ ವಿಷ ತಗ್ಗುತ್ತೆ. ಅದೂ ಅವರೇ ತೋರಿಸಿದ್ದು.

ಧಾರವಾಡದಾಂವ
ಎಲ್ಲಾ ಖರೆ, ಆದ್ರ ಮೊದಲನೇ ಪ್ರಶ್ನೆಕ್ಕ ಯಾರೂ ಉತ್ತರ ಕೊಡವಲ್ರಿ. ಅರಿಝೋನಾದ ಆಲ್ಕಾರ್ ಸಂಸ್ಥೆಯವರು 2005ರಿಂದ ವಾಪರಸೋದು ಇದ ಎಂ22. ಸತ್ತವರ ದೇಹ, ತಲಿ ಕಾದಿಡೋ ಮಂದಿ ಇವರ ದ್ರಾವಣ ತಗೊಂಡಾರ ಅಂದಮ್ಯಾಲ ‘ಕ್ರಯಾನಿಕ್ಸ್ ಸಂಶೋಧಕ’ ಅನ್ನಾಕ ಏನ್ ಅಡ್ಡಿ? ಅವರು ಆ ವಿಚಾರಕ್ಕ ವಿರೋಧನೂ ಅಲ್ಲ. ಮುಚ್ಚಿಡೋ ಮಾತ ಇಲ್ಲ.

ಒರೆಗಲ್ಲು
ಅಡ್ಡಿ ಇದೆ. ಒಬ್ಬರ ಔಷಧಿಯನ್ನ ಇನ್ನೊಬ್ಬರು ಯಾವುದಕ್ಕೆ ಬಳಸ್ತಾರೆ ಅನ್ನೋದರ ಮೇಲೆ ಮೊದಲನೆಯವರ ವೃತ್ತಿ ತೀರ್ಮಾನ ಮಾಡಬಾರದು. ಎಂ22 ಮಾಡಿದ್ದು ಕಸಿ ಮಾಡೋ ಅಂಗಗಳಿಗೆ. ಅವರ ಪಿಎಚ್‌ಡಿ, ರೆಡ್ ಕ್ರಾಸ್ ದಿನಗಳು, ಆಮೇಲಿನ ಪ್ರಬಂಧಗಳು, ಎಲ್ಲದರ ನಡುವೆ ಇರೋದು ಮೂತ್ರಪಿಂಡ. ಕ್ರಯೋಬಯಾಲಜಿ ಅಂದರೆ ಅತಿ ಚಳಿಯಲ್ಲಿ ಜೀವಕೋಶ, ಅಂಗಗಳು ಏನಾಗ್ತವೆ ಅನ್ನೋದರ ಅಧ್ಯಯನ. ಅದರ ವಿಜ್ಞಾನಿಗಳ ಕ್ರಯೋಬಯಾಲಜಿ ಸೊಸೈಟಿ 1982ರಲ್ಲಿ ತನ್ನ ನಿಯಮ ತಿದ್ದಿ, ಮತ್ತೆ ಬದುಕಿಸೋ ಆಸೆಯಿಂದ ಸತ್ತವರನ್ನ ಘನೀಕರಿಸೋ ಕೆಲಸದಲ್ಲಿದ್ದವರಿಗೆ ಸದಸ್ಯತ್ವ ನಿರಾಕರಿಸೋ ಅಧಿಕಾರ ಇಟ್ಟುಕೊಂಡಿತು. ಅದೇ ಸೊಸೈಟಿ 2014ರಲ್ಲಿ ಇವರನ್ನ ಫೆಲೋ ಮಾಡಿತು. ‘ಕ್ರಯೋಬಯಾಲಜಿಸ್ಟ್’ ಅಂತಲೇ ಬರೆಯಬೇಕು.

ಧಾರವಾಡದಾಂವ
ಹಂಗಿದ್ರ ಎರಡೂ ಬರೀರಿ. ಓದೋರು ಅವರ ಹೆಸರು ಹುಡುಕ್ಕೊಂಡು ಬರೋದ ಕ್ರಯಾನಿಕ್ಸಿನ ದಾರಿಯಿಂದ. ಆ ನಂಟು ಬರೀಲಿಲ್ಲ ಅಂದ್ರ ಅರ್ಧ ಜೀವನ ಬಿಟ್ಟಂಗ. 1982ರ ನಿಯಮ ಇದ್ದಾಗ ಎರಡೂ ದಂಡಿಯೊಳಗ ಕಾಲಿಟ್ಟು ಕೆಲಸ ಮಾಡೋದು ಸಣ್ಣ ಮಾತಲ್ಲ.

ಕಡಲತಡಿ
ಶುದ್ಧ ಕ್ರಯಾನಿಕ್ಸ್ ಸಂಶೋಧಕರೇ ಬೇಕಿದ್ದರೆ ಜೆರ್ರಿ ಲೀಫ್ ಬಗ್ಗೆ ಬರೀರಿ ಮಾರಾಯ್ರೆ. ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದಲ್ಲಿ ಎದೆ ಶಸ್ತ್ರಚಿಕಿತ್ಸೆಯ ಸಂಶೋಧನೆ ಮಾಡ್ತಿದ್ದವರು. ಕ್ರಯೋವಿಟಾ ಅಂತ ಸ್ವಂತ ಪ್ರಯೋಗಾಲಯ ಕಟ್ಟಿ, ಮೈಕ್ ಡಾರ್ವಿನ್ ಜೊತೆ 1980ರ ದಶಕದಲ್ಲಿ ನಾಯಿಗಳ ರಕ್ತ ಪೂರಾ ತೆಗೆದು, ತಣ್ಣನೆ ದ್ರಾವಣ ತುಂಬಿ, ನಾಲ್ಕು ಗಂಟೆ ಹೊತ್ತು ಹೃದಯ ನಿಂತ ಸ್ಥಿತಿಯಲ್ಲಿಟ್ಟು ಮತ್ತೆ ಎಬ್ಬಿಸಿದರು. 1991ರಲ್ಲಿ ತೀರಿಕೊಂಡಾಗ ಆಲ್ಕಾರ್‌ನಲ್ಲೇ ಅವರನ್ನ ಇಟ್ಟದ್ದು. ಆಪರೇಷನ್ ಥಿಯೇಟರಿನ ಶಿಸ್ತು ಆ ಕ್ಷೇತ್ರಕ್ಕೆ ಬಂದದ್ದು ಅವರಿಂದಲೇ.

ಕೆಂಪುಮಣ್ಣು
ಲೀಫ್ ಅವರಿಗೆ ಬೇರೆ ಪುಟ ಆಗಬೇಕು, ಒಪ್ಪಿದೆ. ಸದ್ಯ ಮೊಲದ ವಿಷಯ ಬಿಡಿಸಿ ಹೇಳ್ತೀರಾ? ಒಂದೊಂದು ಕಡೆ ಒಂದೊಂದು ತರ ಬರೆದಿದಾರೆ.

ಬೆಂಚ್_ನಂ_4
ಹಂತ ಹಂತವಾಗಿ ಹೇಳ್ತೀನಿ.

ಮೂತ್ರಪಿಂಡವನ್ನ ದ್ರಾವಣದಲ್ಲಿ ಮುಳುಗಿಸಿದರೆ ಏನೂ ಆಗಲ್ಲ, ಒಳಗೆ ಇಳಿಯೋ ಹೊತ್ತಿಗೆ ಹೊರಪದರ ಸತ್ತಿರುತ್ತೆ. ಅದಕ್ಕೇ ಅಪಧಮನಿಗೆ ಕೊಳವೆ ಹಾಕಿ, ಕಂಪ್ಯೂಟರ್ ನಿಯಂತ್ರಣದ ಪಂಪಿನಿಂದ ರಕ್ತನಾಳದ ಮೂಲಕವೇ ಹರಿಸೋದು. ಒತ್ತಡ ಸುಮಾರು 40 ಮಿ.ಮೀ. ಪಾದರಸ, ಅಂದರೆ ಸಹಜ ರಕ್ತದೊತ್ತಡದ ಅರ್ಧಕ್ಕಿಂತ ಕಡಿಮೆ. ಒತ್ತಡ ಏರಿಸಿದರೆ ನಾಳದ ಒಳಪದರ ಕಿತ್ತುಬರುತ್ತೆ.

3.5 ಡಿಗ್ರಿ ಆಸುಪಾಸಿನಲ್ಲಿ ಶುರು. ರಕ್ಷಕದ ಸಾಂದ್ರತೆ ಸೊನ್ನೆಯಿಂದ ಲೀಟರಿಗೆ 5 ಮೋಲ್‌ವರೆಗೆ ಇಳಿಜಾರಿನಂತೆ ನಿಧಾನಕ್ಕೆ ಏರಬೇಕು. ಅವಸರ ಮಾಡಿದರೆ ನೀರು ಹೊರಗೆ ಹೋಗಿ ಕೋಶ ಮುದುಡುತ್ತೆ. ಆಮೇಲೆ −3 ಡಿಗ್ರಿಗೆ ಇಳಿಸಿ 8.4 ಮೋಲ್. ಆಮೇಲೆ −22 ಡಿಗ್ರಿಗೆ ತಣಿಸಿ, ಅಲ್ಲಿ ಪೂರ್ತಿ ಎಂ22, ಲೀಟರಿಗೆ 9.3 ಮೋಲ್. ಹೆಸರಿನ 22 ಬಂದದ್ದು ಈ −22ರಿಂದಲೇ. ಅಷ್ಟು ತಣ್ಣಗೆ ಯಾಕೆ ಅಂದರೆ ವಿಷದ ರಾಸಾಯನಿಕ ಕ್ರಿಯೆ ತಣ್ಣಗಿದ್ದಷ್ಟೂ ನಿಧಾನ. ಎಂ22ರ ಕರಗುವ ಬಿಂದು −55 ಡಿಗ್ರಿ ಹತ್ತಿರ, ಹಾಗಾಗಿ −22ರಲ್ಲಿ ಅದು ಆರಾಮಾಗಿ ಹರಿಯುತ್ತೆ. ಸುಮಾರು 25 ನಿಮಿಷ ಹರಿಸಿ, ಕೊನೆಗೆ ತಣಿಸೋದು −130ರ ಕಡೆಗೆ. −123 ಡಿಗ್ರಿ ಸುಮಾರಿಗೆ ಅದು ಗಾಜಾಗುತ್ತೆ.

ವಾಪಸ್ ಬರುವಾಗ ಇಡೀ ಕ್ರಮ ಹಿಂದುಮುಂದು. ರಕ್ಷಕ ತೊಳೆಯುವಾಗ ಮ್ಯಾನಿಟಾಲ್ ಜೊತೆಗಿರಬೇಕು. ಇಲ್ಲದಿದ್ದರೆ ಕೋಶದೊಳಗಿನ ರಕ್ಷಕ ಹೊರಬರೋ ಮುಂಚೆ ನೀರು ಒಳಗೆ ನುಗ್ಗಿ ಕೋಶ ಊದಿ ಒಡೆಯುತ್ತೆ.

ತಪ್ಪು ಎಲ್ಲಾಗುತ್ತೆ ಅಂದರೆ ಮಧ್ಯಭಾಗದಲ್ಲಿ. ಮೂತ್ರಪಿಂಡದ ಹೊರಪದರಕ್ಕೆ ರಕ್ತ ಧಾರಾಳ, ಒಳಗಿನ ಮೆಡುಲ್ಲಾ ಮತ್ತು ಅದರ ತುದಿಗೆ ತೀರಾ ಕಮ್ಮಿ. ದ್ರಾವಣವೂ ಅದೇ ದಾರೀಲಿ ಹೋಗೋದರಿಂದ ಹೊರಗೆ ಸಾಂದ್ರತೆ ತುಂಬಿದ್ದರೂ ತುದಿಗೆ ತುಂಬಿರಲ್ಲ. ಗಾಜುಗಟ್ಟಿದ ಮೂತ್ರಪಿಂಡವನ್ನ ಆ ಚಳಿಯಲ್ಲೇ ಎರಡು ಹೋಳು ಮಾಡಿದರೆ ಕಣ್ಣಿಗೇ ಕಾಣುತ್ತೆ: ಹೊರಗಿನ ಭಾಗ ಹಲಸಿನ ಹಪ್ಪಳದ ಹಸಿ ಹಾಳೆಯಂತೆ ಅರೆಪಾರದರ್ಶಕ, ನಡುವೆ ಸುಣ್ಣ ಬಳಿದಂತೆ ಬಿಳಿ ಮಚ್ಚೆ. ಆ ಬಿಳಿಯೇ ಮಂಜುಗಡ್ಡೆ. ಇನ್ನೂ ಹೊತ್ತು ಹರಿಸಿದರೆ ತುದಿಗೆ ತಲುಪುತ್ತೆ, ಆದರೆ ಅಷ್ಟರಲ್ಲಿ ಹೊರಪದರ ವಿಷಕ್ಕೆ ಬಲಿ. ಇಡೀ ಸಮಸ್ಯೆ ಈ ಎರಡರ ನಡುವಿನ ನಿಮಿಷಗಳದ್ದು.

ಒರೆಗಲ್ಲು
ಫಲಿತಾಂಶವನ್ನೂ ಸೇರಿಸಿ, ಅತಿರೇಕ ಆಗೋದು ಅಲ್ಲೇ. 2009ರಲ್ಲಿ ವರದಿಯಾದದ್ದು ಒಂದು ಮೂತ್ರಪಿಂಡ. ಒಂದೇ ಒಂದು. ಮೊಲದ ಇನ್ನೊಂದು ಮೂತ್ರಪಿಂಡ ತೆಗೆದಿದ್ದರಿಂದ ಜೀವ ನಿಂತಿದ್ದು ಇದರ ಮೇಲೆ. 48 ದಿನ ಬದುಕಿತ್ತು. 48ನೇ ದಿನ ಅದಾಗೇ ಸತ್ತದ್ದಲ್ಲ, ಅಂಗಾಂಶ ಪರೀಕ್ಷೆಗೆ ಸಂಶೋಧಕರೇ ಕೊನೆಗೊಳಿಸಿದ್ದು. ಮೆಡುಲ್ಲಾದಲ್ಲಿ ಹಾನಿ ಇತ್ತು, ಮೂತ್ರಪಿಂಡ ಪೂರ್ಣ ಆರೋಗ್ಯದಲ್ಲಿರಲಿಲ್ಲ. ತಿಂಗಳುಗಟ್ಟಲೆ ಶೇಖರಿಸಿಟ್ಟದ್ದೂ ಅಲ್ಲ.

ಧಾರವಾಡದಾಂವ
ಒಂದ ಆದ್ರೂ ಆತಲ್ರಿ. ಮೊದಲನೇದು ಯಾವಾಗಲೂ ಒಂದ ಇರ್ತದ.

ಒರೆಗಲ್ಲು
ಅದನ್ನ ಒಪ್ತೀನಿ. ಆ ಒಂದನ್ನ ಹಿಡಿದು ಮನುಷ್ಯನ ತಲೆವರೆಗೆ ಹೋಗೋದನ್ನ ಒಪ್ಪಲ್ಲ. ಆ ಮೂತ್ರಪಿಂಡ ಬಂದದ್ದು ಜೀವಂತ ಮೊಲದಿಂದ, ರಕ್ತ ಹೆಪ್ಪುಗಟ್ಟೋ ಮುಂಚೆ. ಕ್ರಯಾನಿಕ್ಸ್‌ನಲ್ಲಿ ಕಾನೂನು ಪ್ರಕಾರ ಸಾವು ಘೋಷಣೆ ಆದ ಮೇಲೆ ಕೆಲಸ ಶುರು. ಅಷ್ಟರಲ್ಲಿ ಸಣ್ಣ ನಾಳಗಳು ಕಟ್ಟಿಕೊಂಡಿದ್ದರೆ ದ್ರಾವಣ ಹೋದ ಕಡೆ ಗಾಜು, ಹೋಗದ ಕಡೆ ಮಂಜು. ಮಿದುಳಿನಲ್ಲಿ ಇನ್ನೊಂದು ತೊಡಕು: ರಕ್ತ ಮತ್ತು ಮಿದುಳಿನ ನಡುವಿನ ತಡೆ ಈ ರಕ್ಷಕಗಳನ್ನ ಸಲೀಸಾಗಿ ಬಿಡಲ್ಲ. ನೀರು ಹೊರಗೆ ಬಂದು ಮಿದುಳು ಕುಗ್ಗುತ್ತೆ.

ಬೆಂಚ್_ನಂ_4
ಕುಗ್ಗೋ ತೊಂದರೆಗೆ ಅದೇ ಪ್ರಯೋಗಾಲಯದಲ್ಲಿ ರಾಬರ್ಟ್ ಮೆಕಿಂಟೈರ್ ಮತ್ತು ಫಾಹಿ 2015ರಲ್ಲಿ ಬೇರೆ ದಾರಿ ತೋರಿಸಿದರು. ಮೊದಲು ಗ್ಲುಟರಾಲ್ಡಿಹೈಡ್ ಹರಿಸಿ ಪ್ರೊಟೀನುಗಳನ್ನ ಇದ್ದ ಜಾಗದಲ್ಲೇ ಕಟ್ಟಿಹಾಕೋದು. ಅದರ ಜೊತೆ ಸ್ವಲ್ಪ ಮಾರ್ಜಕ, ಆ ತಡೆ ತೆರೆಯೋಕೆ. ಆಮೇಲೆ ಎಥಿಲೀನ್ ಗ್ಲೈಕಾಲ್ ಶೇ. 65ರವರೆಗೆ, ಕೊನೆಗೆ −135 ಡಿಗ್ರಿ. ಕಟ್ಟಿಹಾಕಿದ ಮೇಲೆ ವಿಷದ ಚಿಂತೆ ಇಲ್ಲ, ಗಂಟೆಗಟ್ಟಲೆ ಹರಿಸಬಹುದು. ಮೊಲದ ಮಿದುಳಿಗೆ 2016ರಲ್ಲಿ, ಹಂದಿಯ ಮಿದುಳಿಗೆ 2018ರಲ್ಲಿ ಬ್ರೈನ್ ಪ್ರಿಸರ್ವೇಷನ್ ಫೌಂಡೇಷನ್ ಬಹುಮಾನ ಬಂತು.

ಒರೆಗಲ್ಲು
ಓದುಗರಿಗೆ ಇದನ್ನೂ ಹೇಳಿ: ಗ್ಲುಟರಾಲ್ಡಿಹೈಡ್ ಹಾಕಿದ ಅಂಗಾಂಶ ಜೀವಂತ ಅಲ್ಲ. ನರಗಳ ಜೋಡಣೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಚೆನ್ನಾಗಿ ಕಾಣುತ್ತೆ, ಅಷ್ಟೇ. ಬಹುಮಾನ ಕೊಟ್ಟದ್ದು ರಚನೆ ಉಳಿದದ್ದಕ್ಕೆ.

ಸೂಕ್ಷ್ಮದರ್ಶಿ
ಎಲ್ಲರೂ ಮೂತ್ರಪಿಂಡ, ಮಿದುಳು ಅಂತ ಕೂತಿದೀರಿ. ಈ ವಿಚಾರ ನಿಜವಾಗಿ ಗೆದ್ದ ಜಾಗ ಬಿಟ್ಟೇಹೋಗಿದೆ. ಬೆಂಗಳೂರು, ಮಂಗಳೂರು, ಹುಬ್ಬಳ್ಳಿಯ ಐವಿಎಫ್ ಕೇಂದ್ರಗಳಲ್ಲಿ ಭ್ರೂಣ ಇಡೋದು ಇವತ್ತು ವಿಟ್ರಿಫಿಕೇಷನ್‌ನಿಂದಲೇ. 1985ರ ಇಲಿ ಭ್ರೂಣದ ನೇರ ವಂಶ ಅದು.

ಸಾಮಾನ್ಯ ಕ್ರಮ: ಎಥಿಲೀನ್ ಗ್ಲೈಕಾಲ್ ಶೇ. 7.5, ಡಿಎಂಎಸ್‌ಒ ಶೇ. 7.5 ಇರೋ ಹನಿಯಲ್ಲಿ 10ರಿಂದ 15 ನಿಮಿಷ. ಭ್ರೂಣ ಮೊದಲು ಮುದುಡಿ ಆಮೇಲೆ ಮೊದಲಿನ ಗಾತ್ರಕ್ಕೆ ಬರಬೇಕು, ಗಡಿಯಾರಕ್ಕಿಂತ ಅದನ್ನ ನೋಡಬೇಕು. ನಂತರ ಎರಡೂ ಶೇ. 15, ಜೊತೆಗೆ 0.5 ಮೋಲಾರ್ ಸುಕ್ರೋಸ್. ಇಲ್ಲಿ ಒಟ್ಟು 60 ಸೆಕೆಂಡ್ ಸುಮಾರು, ತೆಳು ಪ್ಲಾಸ್ಟಿಕ್ ಪಟ್ಟಿಯ ಮೇಲೆ ಭ್ರೂಣ ಇಡೋದೂ ಸೇರಿ. ಪಟ್ಟಿ ಮೇಲಿನ ಹನಿ 0.1 ಮೈಕ್ರೊಲೀಟರ್‌ಗಿಂತ ಕಡಿಮೆ ಇರಬೇಕು, ಹೆಚ್ಚಿದ್ದರೆ ಹೀರಿ ತೆಗೀಬೇಕು. ಸೀದಾ ದ್ರವ ಸಾರಜನಕಕ್ಕೆ. ನಿಮಿಷಕ್ಕೆ 20,000 ಡಿಗ್ರಿ ಮೀರಿ ತಣಿಯುತ್ತೆ. ಎತ್ತುವಾಗ 37 ಡಿಗ್ರಿಯ 1 ಮೋಲಾರ್ ಸುಕ್ರೋಸ್‌ಗೆ ಒಂದೇ ಏಟಿಗೆ ಅದ್ದಬೇಕು. ಗಾಳಿಯಲ್ಲಿ ಒಂದು ಕ್ಷಣ ತಡೆದರೂ ಹೋಯ್ತು.

ವೇಗ ಇಷ್ಟಿರೋದರಿಂದ ರಕ್ಷಕ ಅರ್ಧ ಸಾಕು. ಮೂತ್ರಪಿಂಡಕ್ಕೆ ಆ ವೇಗ ಸಿಗಲ್ಲ, ಅದಕ್ಕೇ ಎಂ22ರಷ್ಟು ಗಟ್ಟಿ ಬೇಕು.

ಬೆಂಚ್_ನಂ_4
ಸರಿಯಾಗಿ ಹೇಳಿದ್ರಿ. ಹಳೇ ವಿಎಸ್55 ದ್ರಾವಣ ನಿಮಿಷಕ್ಕೆ 2.5 ಡಿಗ್ರಿಯಂತೆ ತಣಿಸಿದರೂ ಗಾಜಾಗುತ್ತೆ, ಆದರೆ ಬಿಸಿ ಮಾಡುವಾಗ ನಿಮಿಷಕ್ಕೆ 50 ಡಿಗ್ರಿ ಬೇಕು. ತಣಿಯುವಾಗ ಹುಟ್ಟಿದ ಕಣ್ಣಿಗೆ ಕಾಣದ ಹರಳಿನ ಬೀಜಗಳು ಬಿಸಿಯಾಗುವಾಗ ಬೆಳೀತವೆ. ಎಂ22ನ್ನ ಬಿಸಿ ಮಾಡುವಾಗ ನಿಮಿಷಕ್ಕೆ 0.4 ಡಿಗ್ರಿ ಸಾಕು. ಆ ಅಂತರವೇ ಅವರ ಇಪ್ಪತ್ತು ವರ್ಷದ ಕೆಲಸ.

ಮಿನೆಸೋಟ ವಿಶ್ವವಿದ್ಯಾಲಯದ ಜಾನ್ ಬಿಷಫ್, ಎರಿಕ್ ಫಿಂಗರ್ ತಂಡ ಇನ್ನೊಂದು ಕಡೆಯಿಂದ ಬಂತು. ನಾಳಗಳಲ್ಲಿ ಕಬ್ಬಿಣದ ಆಕ್ಸೈಡ್ ನ್ಯಾನೊಕಣ ತುಂಬಿ, ಸುರುಳಿಯೊಳಗಿಟ್ಟು, ರೇಡಿಯೊ ಆವರ್ತನದ ಕ್ಷೇತ್ರದಿಂದ ಒಳಗೂ ಹೊರಗೂ ಒಟ್ಟಿಗೆ ಬಿಸಿ ಮಾಡೋದು. 2023ರಲ್ಲಿ 100 ದಿನದವರೆಗೆ ಇಟ್ಟ ಇಲಿ ಮೂತ್ರಪಿಂಡಗಳನ್ನ ಹಾಗೆ ಎಬ್ಬಿಸಿ ಐದು ಇಲಿಗಳಿಗೆ ಕಸಿ ಮಾಡಿದರು. ಮೊದಲ ಎರಡು ಮೂರು ವಾರ ಮಂದ, 30 ದಿನದೊಳಗೆ ಸಹಜ ಸ್ಥಿತಿ. ಫಾಹಿ ಅವರ ಬರಹದಲ್ಲಿ ಇದಕ್ಕೊಂದು ಸಾಲು ಇರಲೇಬೇಕು, ಅವರು ಹಿಡಿದ ದಾರಿ ಮುಂದುವರಿದದ್ದು ಇಲ್ಲಿ.

ಕಡಲತಡಿ
ಅಂಗಾಂಗ ದಾನದವರಿಗೆ ಇದು ಎಷ್ಟು ದೊಡ್ಡದು ಗೊತ್ತುಂಟಾ? ಹೃದಯಕ್ಕೆ ನಾಲ್ಕರಿಂದ ಆರು ಗಂಟೆ, ಮೂತ್ರಪಿಂಡಕ್ಕೆ ಐಸಿನಲ್ಲಿ ಒಂದು ದಿನದಷ್ಟು. ಅದಕ್ಕೇ ನಮ್ಮಲ್ಲಿ ಅಂಗಾಂಗ ಹಂಚಿಕೆ ನೋಡಿಕೊಳ್ಳೋ ಜೀವಸಾರ್ಥಕತೆಯವರು ಹೊಂದಾಣಿಕೆ ಮಾಡಿದ ಕೂಡಲೇ ರಸ್ತೆ ಖಾಲಿ ಮಾಡಿಸಿ ಆಂಬುಲೆನ್ಸ್ ಓಡಿಸೋದು.

ನೀಲಿಕೊಡೆ
ಫಾಹಿ ಅವರೇ ಅಲ್ವಾ ಜನರ ವಯಸ್ಸು ಎರಡೂವರೆ ವರ್ಷ ಕಡಿಮೆ ಮಾಡಿದ್ದು?

ಒರೆಗಲ್ಲು
ಆ ಸಾಲು ಹಾಗೇ ಹಾಕಬೇಡಿ. 2019ರ ಪ್ರಬಂಧ, 51ರಿಂದ 65 ವಯಸ್ಸಿನ ಒಂಬತ್ತು ಗಂಡಸರು, ಒಂದು ವರ್ಷ ಬೆಳವಣಿಗೆ ಹಾರ್ಮೋನು, ಡಿಎಚ್‌ಇಎ, ಮೆಟ್ಫಾರ್ಮಿನ್. ಗುರಿ ಥೈಮಸ್ ಗ್ರಂಥಿ ಚಿಗುರಿಸೋದು. ಡಿಎನ್‌ಎ ಗುರುತುಗಳಿಂದ ಲೆಕ್ಕ ಹಾಕೋ ವಯಸ್ಸು ಶುರುವಿಗಿಂತ ಸರಾಸರಿ ಒಂದೂವರೆ ವರ್ಷ ಕಡಿಮೆ ಬಂತು. ಚಿಕಿತ್ಸೆ ಇಲ್ಲದಿದ್ದರೆ ಆ ಒಂದು ವರ್ಷದಲ್ಲಿ ಏರುತ್ತಿದ್ದದ್ದನ್ನ ಸೇರಿಸಿದರೆ ಎರಡೂವರೆ. ಹೋಲಿಕೆ ಗುಂಪು ಇರಲಿಲ್ಲ.

ಗೋಶಾಲೆ_ಹಾಸನ
ಗ್ಲಿಸರಾಲ್ ಹೆಸರು ಒಬ್ಬರೂ ಎತ್ತಲಿಲ್ಲ. 1949ರಲ್ಲಿ ಪೋಲ್ಜ್, ಸ್ಮಿತ್, ಪಾರ್ಕ್ಸ್ ಹುಂಜದ ವೀರ್ಯ ಉಳಿಸಿದ್ದು ಗ್ಲಿಸರಾಲ್‌ನಿಂದ, ರಕ್ಷಕ ದ್ರಾವಣಗಳ ಕಥೆ ಅಲ್ಲಿಂದ. ಹೆಸರಘಟ್ಟದ ಘನೀಕೃತ ವೀರ್ಯ ಕೇಂದ್ರದಿಂದ ಹಿಡಿದು ಹಳ್ಳಿ ಪಶು ಆಸ್ಪತ್ರೆಯ ದ್ರವ ಸಾರಜನಕದ ಜಾರಿನವರೆಗೆ ಇವತ್ತಿಗೂ ಅದೇ. ವೀರ್ಯ ತುಂಬಿದ ಸಣ್ಣ ಕೊಳವೆ, ಅಂದರೆ 0.25 ಮಿ.ಲೀ. ಸ್ಟ್ರಾ, ಒಂದರಲ್ಲಿ ಎರಡು ಕೋಟಿ ವೀರ್ಯಾಣು, ಕರಗಿಸೋಕೆ 37 ಡಿಗ್ರಿ ನೀರಲ್ಲಿ 30 ಸೆಕೆಂಡ್.

ಇಲ್ಲೂ ಆ −130ರದ್ದೇ ಆಟ. ಸ್ಟ್ರಾ ಹುಡುಕೋಕೆ ಕ್ಯಾನಿಸ್ಟರನ್ನ ಜಾರಿನ ಕುತ್ತಿಗೆ ಮೇಲೆ ಎತ್ತಿ ಹಿಡಿದರೆ ಸ್ಟ್ರಾದ ತಾಪ −130 ದಾಟುತ್ತೆ, ಒಳಗೆ ಸಣ್ಣ ಹರಳು ಸೇರಿ ದೊಡ್ಡದಾಗ್ತವೆ. ತಕ್ಷಣ ಮುಳುಗಿಸಿದರೂ ಆದ ಹಾನಿ ಸರಿಹೋಗಲ್ಲ. ಹಸು ತಿರುಗಿ ಬೆದೆಗೆ ಬಂದಾಗ ಎಲ್ಲರೂ ಹೋರಿಯನ್ನ ದೂರ್ತಾರೆ.

ಕೆಂಪುಮಣ್ಣು
ಎಲ್ಲರಿಗೂ ಧನ್ಯವಾದ. ತಿದ್ದಿದ್ದು:

“ಅಮೆರಿಕದ ಕ್ರಯೋಬಯಾಲಜಿಸ್ಟ್, ಅಂಗಗಳನ್ನು ಗಾಜುಗಟ್ಟಿಸಿ ಕಾಪಿಡುವ ವಿಧಾನದ ಪ್ರವರ್ತಕರಲ್ಲಿ ಮುಖ್ಯರು. ಅವರ ಎಂ22 ದ್ರಾವಣವನ್ನು ಕ್ರಯಾನಿಕ್ಸ್ ಸಂಸ್ಥೆಯಾದ ಆಲ್ಕಾರ್ ಕೂಡ ಬಳಸುತ್ತದೆ. 2009ರ ವರದಿಯಂತೆ, ಗಾಜುಗಟ್ಟಿಸಿ ಮರಳಿ ಬಿಸಿ ಮಾಡಿದ ಒಂದು ಮೂತ್ರಪಿಂಡ, ಕಸಿಯಾದ ಮೊಲವನ್ನು 48 ದಿನ, ಪ್ರಯೋಗ ಮುಗಿಸುವವರೆಗೆ, ಬದುಕಿಸಿತ್ತು. ಅದರ ಒಳಭಾಗದಲ್ಲಿ ಹಾನಿಯಾಗಿತ್ತು.”

ಧಾರವಾಡದಾಂವ
ಈಗ ಸರಿ ಆತು ನೋಡ್ರಿ. 1982ರ ನಿಯಮದ ಸಾಲು ಕೆಳಗರ ಸೇರಸ್ರಿ.

ಒರೆಗಲ್ಲು
‘ಮುಖ್ಯರು’ ಅನ್ನೋದಕ್ಕೆ ಈ ಸಲ ತಕರಾರಿಲ್ಲ.

ನೀಲಿಕೊಡೆ
ಹಾಸನದವರಿಗೆ ಒಂದು ಪ್ರಶ್ನೆ, ವಿಷಯಾಂತರ ಆದರೂ ಕೇಳ್ತೀನಿ. ಜಾರಿನೊಳಗೆ ಸಾರಜನಕ ಎಷ್ಟು ಉಳಿದಿದೆ ಅಂತ ನೋಡೋದು ಹೇಗೆ? ಒಳಗೆ ಹೊಗೆ ಬಿಟ್ಟು ಏನೂ ಕಾಣಲ್ಲವಲ್ಲ.

ಗೋಶಾಲೆ_ಹಾಸನ
ಮರದ್ದೋ ಪ್ಲಾಸ್ಟಿಕ್ಕಿನದೋ ಕಪ್ಪು ಪಟ್ಟಿ ತಗೊಳ್ಳಿ. ಟೊಳ್ಳು ಕೊಳವೆ ಬೇಡ, ದ್ರವ ಕುದ್ದು ಮೇಲಕ್ಕೆ ಚಿಮ್ಮಿ ಕೈ, ಮುಖ ಸುಡುತ್ತೆ. ತಳ ಮುಟ್ಟೋ ಹಾಗೆ ಇಳಿಸಿ, ಹತ್ತು ಸೆಕೆಂಡ್ ಹಿಡಿದು, ಹೊರಗೆ ತೆಗೆದು ಗಾಳಿಯಲ್ಲಿ ಬೀಸಿ. ದ್ರವದಲ್ಲಿ ಮುಳುಗಿದ್ದ ಉದ್ದಕ್ಕೆ ಸರಿಯಾಗಿ ಬಿಳಿ ಇಬ್ಬನಿ ಕೂರುತ್ತೆ, ಅದನ್ನ ಅಳೆಯಿರಿ. ದಿನಾಂಕ ಹಾಕಿ ಪುಸ್ತಕದಲ್ಲಿ ಬರೆದಿಡಿ. ಇದ್ದಕ್ಕಿದ್ದ ಹಾಗೆ ಮೊದಲಿಗಿಂತ ಬೇಗ ಇಳೀತಿದ್ದರೆ, ಜಾರಿನ ಕುತ್ತಿಗೆ ಹೊರಗೆ ನೀರು ಬೆವರ್ತಿದ್ದರೆ, ನಿರ್ವಾತ ಹೋಗಿದೆ ಅಂತ. ಸ್ಟ್ರಾಗಳನ್ನ ಅವತ್ತೇ ಬೇರೆ ಜಾರಿಗೆ ಬದಲಾಯಿಸಿ.